ಕುಂಬಳಕಾಯಿ ವಾರ, ಅತ್ತೆಯವರ ಸಿಟ್ಟು, ನನ್ನ 20 ನಿಮಿಷ

ಮುಧೋಳದ ಸೊಸೆ, ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ ಕಿಂಡರ್‌ಗಾರ್ಟನ್. ಮುಂದಿನ ವಾರ ಅವರ ಕ್ಲಾಸಿನಲ್ಲಿ ಎಣಿಕೆ, ಚಿತ್ರ, ಕಥೆ ಎಲ್ಲಾ ಕುಂಬಳಕಾಯಿ ಮೇಲೆಯೇ. ನಿನ್ನೆ ಟೀಚರ್ ಕುಂಬಳಕಾಯಿಯಿಂದ ಏನು ಮಾಡ್ತಾರೆ ಅಂತ ಕೇಳಿದ್ದಕ್ಕೆ ಇವನು ಎದ್ದು ನಿಂತು, "ನಮ್ಮಜ್ಜ ಟ್ರ್ಯಾಕ್ಟರ್ ಮುಂದೆ ಒಡೀತಾರೆ, ಒಳಗೆಲ್ಲ ಕೆಂಪಗೆ ಇರುತ್ತೆ" ಅಂದಿದ್ದಾನೆ. ಹೋದ ವರ್ಷ ಖಂಡೇಪೂಜೆಗೆ (ಆಯುಧಪೂಜೆಗೆ) ಊರಲ್ಲಿದ್ದೆವು, ಆಗ ನೋಡಿದ್ದು. ಕುಂಕುಮಕ್ಕೆ ಅವನ ಹತ್ತಿರ ಇಂಗ್ಲಿಷ್ ಇರಲಿಲ್ಲ. ಸಂಜೆ ಟೀಚರ್ ನನ್ನನ್ನು ಕೇಳಿದರು. ನಾನೂ ತಡವರಿಸಿದೆ. "ನೀವೇ ಬಂದು 20 ನಿಮಿಷ ಮಕ್ಕಳಿಗೆ ಏನಾದರೂ ಮಾಡಿಸಿ" ಅಂದುಬಿಟ್ಟರು.

ಮನೆಯಲ್ಲಿ ಬೇರೆ ಪಂಚಾಯ್ತಿ. ಅತ್ತೆ ಬಂದಿದ್ದಾರೆ. ಇಲ್ಲಿನ ಹ್ಯಾಲೋವೀನ್ ಹಬ್ಬಕ್ಕೆ ಮುಖ ಕೊರೆದ ಕಾಯಿ ಬಾಗಿಲಲ್ಲಿ ಇಡಬಾರದು ಅಂತಾರೆ. ಹೆಂಗಸರು ಇಡೀ ಕಾಯಿಗೆ ಮೊದಲು ಚಾಕು ಹಾಕಬಾರದಂತೆ. ಇವರು ಟೂರಿನಲ್ಲಿದ್ದಾರೆ. ಏನು ಮಾಡಿಸಲಿ, ತಿನ್ನಲು ಏನು ಒಯ್ಯಲಿ, ಅತ್ತೆಯವರಿಗೆ ಏನು ಹೇಳಲಿ?

ಜಮಖಂಡಿಯವಳು, ಒಹಾಯೋ:
ನಾನು ಪ್ರಿಸ್ಕೂಲ್‌ನಲ್ಲಿ ಸಹಾಯಕಿ. ಕೊರೆಯುವುದನ್ನೇ ಬಿಡಿ, ಐದು ವರ್ಷದವರ ಕೈಗೆ ಚಾಕು ಬೇಡ. ದೊಡ್ಡ ಟಬ್‌ನಲ್ಲಿ ನೀರು ತುಂಬಿಸಿ. "ಮುಳುಗುತ್ತಾ, ತೇಲುತ್ತಾ?" ಅಂತ ಮೊದಲು ಕೈ ಎತ್ತಿಸಿ. ಇಷ್ಟು ಭಾರ, ಮುಳುಗುತ್ತೆ ಅಂತ ಎಲ್ಲರೂ ಕೂಗುತ್ತಾರೆ. ಇಡೀ ಕಾಯಿ ತೇಲುತ್ತದೆ, ಒಳಗೆ ಟೊಳ್ಳು ಅಲ್ವಾ. ಆಮೇಲೆ ಎಲ್ಲರಿಗೂ ಒಂದೊಂದು ದಾರ ಕೊಡಿ. ಕಾಯಿಯ ಸುತ್ತಳತೆ ಊಹಿಸಿ ಕತ್ತರಿಸಲಿ, ಸುತ್ತಿ ನೋಡಲಿ. ಕೊನೆಗೆ ಬೀಜ. ಹತ್ತು ಹತ್ತರ ಗುಂಪು ಮಾಡಿ ಎಣಿಸಲಿ. ನಾನು ಮಾಡಿಸಿದಾಗ 386 ಬಂದವು. ಬೀಜ ಮನೆಯಲ್ಲೇ ತೆಗೆದು ತೊಳೆದು ಒಯ್ಯಿರಿ, ತಿರುಳಿನ ಲೋಳೆ ಮುಟ್ಟಿ ಅಳುವವರು ಇಬ್ಬರಾದರೂ ಇರುತ್ತಾರೆ.

ವಿಜಯಪುರದ ಅಣ್ಣ, ಬೇ ಏರಿಯಾ:
ತಂಗೀ, ನಿಮ್ಮ ಅತ್ತೆಯವರು ಹೇಳುವುದೇ ಸರಿ. ನಮ್ಮ ಮಕ್ಕಳಿಗೆ ಭೂತದ ಮುಖ ಯಾಕೆ? ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಭಾನುವಾರ ಕನ್ನಡ ಶಾಲೆಗೆ ಕಳಿಸಿ ಅಂತ. ಯಾರೂ ಕಳಿಸಲ್ಲ. ಕುಂಬಳಕಾಯಿ ನಮ್ಮದು, ಒಡೆಯುವುದು ನಮ್ಮದು, ಈಗ ಇವರು ನಮಗೇ ಕಲಿಸುತ್ತಾರೆ! ನನ್ನ ಮಗಳಿಗೆ ಐದನೇ ವಯಸ್ಸಿಗೇ ವಚನ ಬಾಯಿಪಾಠ ಇತ್ತು.

ಅಥಣಿ ಹುಡುಗ, ಮ್ಯೂನಿಕ್:
ಅಣ್ಣಾರ, ನಾವು ಒಡೆಯುವುದು ಬೂದುಗುಂಬಳ. ಅದು ಏಷ್ಯಾದ್ದು. ಕ್ಲಾಸಿನ ಕಿತ್ತಳೆ ಬಣ್ಣದ್ದು ಸಿಹಿಗುಂಬಳ, ಅದರ ತವರು ಅಮೆರಿಕ ಖಂಡವೇ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು ಅಲ್ಲಿಗೆ ವಲಸೆ ಹೋದ ಮೇಲೆ ಕುಂಬಳಕಾಯಿ ಹಿಡಿದರು. ಭೂತದ ಮುಖದ ಮಾತು ಬಂದರೆ, ಬೆಳಗಾವಿಯಲ್ಲಿ ಕಟ್ಟುತ್ತಿರುವ ಯಾವುದಾದರೂ ಮನೆ ಮುಂದೆ ನಿಂತು ನೋಡಿ. ಬೂದುಗುಂಬಳಕ್ಕೆ ಕಣ್ಣು, ಮೀಸೆ, ಕೋರೆಹಲ್ಲು ಬರೆದು ತೂಗು ಹಾಕಿರುತ್ತಾರೆ. ಅಕ್ಕಾ, ಅತ್ತೆಯವರಿಗೆ ಇದನ್ನೇ ಹೇಳಿ: ಇದು ಇವರ ದೃಷ್ಟಿಕಾಯಿ ಅಂತ.

ವಿಜಯಪುರದ ಅಣ್ಣ, ಬೇ ಏರಿಯಾ:
ದೃಷ್ಟಿ ತೆಗೆಯುವುದೂ ಚಾಕಲೇಟ್ ಬೇಡುವುದೂ ಒಂದೇ ಏನಪ್ಪಾ? ಓದಿಕೊಂಡವರ ಹಣೆಬರಹ ಇಷ್ಟೇ. ನಾಳೆ ನಿಮ್ಮ ಮಕ್ಕಳು ದಸರೆಯ ಬನ್ನಿ ಅಂದರೆ ಏನು ಅಂತ ಕೇಳುತ್ತಾರೆ.

ಅಥಣಿ ಹುಡುಗ, ಮ್ಯೂನಿಕ್:
ನನಗೆ ಮಕ್ಕಳಿಲ್ಲ ಅಣ್ಣಾರ.

ಹಳೇ ಬಾಗಲಕೋಟೆ, ಸಿಡ್ನಿ:
ತೇಲುವ ಮಾತು ಓದಿ ಏನೋ ನೆನಪಾಯಿತು. ನಾವು ಘಟಪ್ರಭೆಯಲ್ಲಿ ಈಸು ಕಲಿತದ್ದೇ ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು. ಈಸುಗುಂಬಳ ಅನ್ನುತ್ತಿದ್ದೆವು. ನಮ್ಮಪ್ಪ ಹಗ್ಗ ಎಳೆದು ಬಿಗಿದರೆ ಹೊಟ್ಟೆಯ ಮೇಲೆ ಎರಡು ದಿನ ಬರೆ ಇರುತ್ತಿತ್ತು. ಹಿಂದಿನಿಂದ ನೂಕಿಬಿಡುತ್ತಿದ್ದ. ಮುಳುಗಿದೆ ಅನ್ನುವಷ್ಟರಲ್ಲಿ ಬುರುಡೆ ಮೇಲಕ್ಕೆ ಎತ್ತುತ್ತಿತ್ತು, ಮೂಗಿನಲ್ಲಿ ನೀರು. ಈಗ ಆ ಮನೆಯೂ ಇಲ್ಲ, ಆಲಮಟ್ಟಿ ಹಿನ್ನೀರಿನ ಕೆಳಗೆ ಹೋಯಿತು. ಅವ್ವ ಹಿತ್ತಲಲ್ಲಿ ಹಬ್ಬಿಸಿದ್ದ ಬಳ್ಳಿ ಬಿಟ್ಟು ನವನಗರಕ್ಕೆ ಬಂದಳು. ಅಲ್ಲಿ ಎಷ್ಟು ಬೀಜ ಊರಿದರೂ ಅವಳಿಗೆ ಸಮಾಧಾನವಾಗಲಿಲ್ಲ. ನನ್ನ ಮಕ್ಕಳು ಈಜುಕೊಳದಲ್ಲಿ ಕಲಿತರು. ಇದನ್ನೆಲ್ಲ ಅವರಿಗೆ ಒಮ್ಮೆಯೂ ಹೇಳಲಿಲ್ಲ ನಾನು.

ಗೋಕಾಕದ ಕಾಕು, ಲಂಡನ್:
ತಿನ್ನಲು ಕುಂಬಳಕಾಯಿ ಗಾರಗಿ ಮಾಡಿ ಒಯ್ಯವ್ವಾ. ತುರಿದು ಬೆಲ್ಲದ ಜೊತೆ ಬೇಯಿಸು, ಆರಿದ ಮೇಲೆ ಹಿಡಿಯುವಷ್ಟು ಗೋಧಿ ಹಿಟ್ಟು, ಏಲಕ್ಕಿ. ನೀರು ಹಾಕಬೇಡ, ಬೆಲ್ಲವೇ ನೀರು ಬಿಡುತ್ತದೆ. ತಟ್ಟಿ ಎಣ್ಣೆಯಲ್ಲಿ ಕರಿ. ಜೊತೆಗೆ ನಾಲ್ಕು ಶೇಂಗಾ ಹೋಳಿಗೆ ಇರಲಿ.

ಜಮಖಂಡಿಯವಳು, ಒಹಾಯೋ:
ಅಯ್ಯೋ ಕಾಕು, ಶೇಂಗಾ ಬೇಡವೇ ಬೇಡ! ಅಲರ್ಜಿ ಇರುವ ಮಗು ಇದ್ದರೆ ಜೀವಕ್ಕೇ ಬರುತ್ತದೆ. ಎಷ್ಟೋ ಶಾಲೆಗಳಲ್ಲಿ ಮನೆಯಲ್ಲಿ ಮಾಡಿದ್ದನ್ನೇ ಬಿಡುವುದಿಲ್ಲ. ಟೀಚರ್‌ನ ಕೇಳದೆ ಗಾರಗಿಯೂ ಬೇಡ. ಹುರಿದ ಬೀಜ ಸಿಪ್ಪೆ ಸಮೇತ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ.

ವಿಜಯಪುರದ ಅಣ್ಣ, ಬೇ ಏರಿಯಾ:
ನೋಡಿ, ನಮ್ಮ ಶೇಂಗಾ ಹೋಳಿಗೆಗೂ ಜಾಗ ಇಲ್ಲ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು, ಅವರ ಹಬ್ಬದ ದಿನವೇ. ಆವತ್ತು ಎಷ್ಟು ಜನ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದಿರಿ? ಎದೆ ಮುಟ್ಟಿಕೊಂಡು ಹೇಳಿ.

ಅಥಣಿ ಹುಡುಗ, ಮ್ಯೂನಿಕ್:
ಎದೆ ಯಾಕೆ, ಈ ಗುಂಪಿನಲ್ಲಿ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ.

(ಎಣ್ಣೆ ಸ್ನಾನದ ಮೇಲೆ ಇನ್ನೂ 41 ಕಮೆಂಟ್‌ಗಳು.)

ಬೆಳಗಾವಿಗೆ ವಾಪಸ್ ಬಂದವಳು:
ಸುಮ್ನೆ ಜಗಳ ಆಡ್ತೀರಿ. ಇಲ್ಲಿ ಟಿಳಕವಾಡಿಯಲ್ಲಿ ಮಗಳ ಪ್ಲೇ ಸ್ಕೂಲ್‌ನಲ್ಲಿ ಮೊನ್ನೆ ಆರೆಂಜ್ ಡೇ. ಕಿತ್ತಳೆ ಬಣ್ಣದ ಬಟ್ಟೆ ಹುಡುಕಲು ನಾನು ಎರಡು ಅಂಗಡಿ ತಿರುಗಿದೆ. ಕುಂಬಳಕಾಯಿ ತಂದಿದ್ದ ಮಗು ಒಂದೇ, ಅದೂ ಅರ್ಧ ಹೋಳು.

ಮುಧೋಳದ ಸೊಸೆ, ಡಲ್ಲಾಸ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮುಗಿಯಿತು. ಟಬ್‌ನಲ್ಲಿ ಕಾಯಿ ತೇಲಿದಾಗ ಮಕ್ಕಳು ಕಿರುಚಿದ್ದು ಪಕ್ಕದ ಕ್ಲಾಸಿಗೂ ಕೇಳಿತು. ಸಿಡ್ನಿ ಅಣ್ಣಾರ, ನಿಮ್ಮ ಈಸುಗುಂಬಳದ ಕಥೆ ಹೇಳಿದೆ. ಒಬ್ಬ ಹುಡುಗ ತಕ್ಷಣ ಸಣ್ಣ ಕಾಯಿಯೊಂದನ್ನು ಅಂಗಿಯೊಳಗೆ ತುರುಕಿ ಬೆನ್ನಿಗೆ ಸರಿಸಿಕೊಂಡ. ಹೆಚ್ಚುವ ಸಮಸ್ಯೆ ಅತ್ತೆಯವರೇ ಬಗೆಹರಿಸಿದರು. ಮೊದಲ ಚಾಕು ಮೊಮ್ಮಗನ ಕೈ ಹಿಡಿದು ಹಾಕಿಸಿದರು, ಅವನೂ ಗಂಡಸೇ ಅಂತ. ಉಳಿದದ್ದನ್ನು ತಾವೇ ಹೆಚ್ಚಿ ಪಲ್ಯ ಮಾಡಿದರು.

ಕಾಕು, ಗಾರಗಿ ಮನೆಗೆ ಮಾಡುತ್ತಿದ್ದೇನೆ. ಎರಡು ಬಟ್ಟಲು ತುರಿಗೆ ಬೆಲ್ಲ ಎಷ್ಟು? ಎಣ್ಣೆ ಕಾಯಲು ಇಟ್ಟಿದ್ದೇನೆ.

ವಿಜಯಪುರದ ಅಣ್ಣ, ಬೇ ಏರಿಯಾ:
ಕನ್ನಡ ಶಾಲೆ ಬೆಳಿಗ್ಗೆ 10ಕ್ಕೆ ಶುರು. ಡಲ್ಲಾಸಿನವರು ಆನ್‌ಲೈನ್ ಸೇರಬಹುದು.