ಮನೆಯಲ್ಲಿ ಡೈವ್ ಮಾಡೋದು ನಾನೊಬ್ಬಳೇ, ಜನವರಿಯಲ್ಲಿ ಎಲ್ಲಿಗೆ ಹೋಗೋಣ?

ಪ್ರಶ್ನೆ: ನಮಸ್ತೆ ಸರ್. ನಾವು ಮೈಸೂರಿನವರು. ಜನವರಿ ಕೊನೆಯಲ್ಲಿ ಏಳು ದಿನ ರಜೆ ಸಿಕ್ಕಿದೆ. ನಾನು ಅಡ್ವಾನ್ಸ್ಡ್ ಸ್ಕೂಬಾ ಡೈವರ್, ಅಂದರೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯಲು ಸರ್ಟಿಫಿಕೇಟ್ ಇದೆ. ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ. ಮಗಳಿಗೆ 11 ವರ್ಷ, ನೀರು ಅಂದ್ರೆ ಪ್ರಾಣ. ಅತ್ತೆಗೆ 68, ಮಂಡಿ ನೋವು, ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ. ಮಾಲ್ಡೀವ್ಸ್, ಶ್ರೀಲಂಕಾ, ಅಂಡಮಾನಿನ ಹ್ಯಾವ್‌ಲಾಕ್, ಈ ಮೂರರಲ್ಲಿ ಯಾವುದು ಸರಿ? ನೀರು ಬೆಚ್ಚಗಿರಬೇಕು. ನನ್ನೊಬ್ಬಳಿಗೋಸ್ಕರ ಉಳಿದವರು ಸುಮ್ನೆ ರೂಮಲ್ಲಿ ಕೂರೋದು ಬೇಡ.

ಉತ್ತರ (ಡೈವಿಂಗ್ ಇನ್‌ಸ್ಟ್ರಕ್ಟರ್): ನಮಸ್ತೆ ಮೇಡಂ. ನೀರಿನ ಬಗ್ಗೆ ಯೋಚನೆ ಬೇಡ. ಜನವರಿಯಲ್ಲಿ ಮೂರೂ ಕಡೆ ಹೆಚ್ಚುಕಡಿಮೆ 27ರಿಂದ 29 ಡಿಗ್ರಿ ಇರುತ್ತದೆ. ನೀವು ನೋಡಬೇಕಾದದ್ದು ಬೇರೆ. ಡೈವ್ ಬೋಟ್ ಬೆಳಿಗ್ಗೆ ಏಳರ ಹೊತ್ತಿಗೆ ಹೊರಟರೆ ವಾಪಸ್ ಬರುವಾಗ ಮಧ್ಯಾಹ್ನ. ಅಷ್ಟು ಹೊತ್ತು ನಿಮ್ಮ ಅತ್ತೆ ಎಲ್ಲಿ ಇರುತ್ತಾರೆ, ಏನು ತಿನ್ನುತ್ತಾರೆ? ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ. ಊರು ತಾನಾಗೇ ಗೊತ್ತಾಗುತ್ತದೆ.

ಬರೀ ಡೈವಿಂಗ್ ಲೆಕ್ಕದಲ್ಲಿ ಮಾಲ್ಡೀವ್ಸ್ ಮೇಲು. ಆಗ ಅಲ್ಲಿ ಒಣ ಋತು. ಹವಳದ ದ್ವೀಪಗಳ ಪೂರ್ವದ ಕಡೆ ನೀರು ತಿಳಿಯಾಗಿರುತ್ತದೆ, ಪಶ್ಚಿಮದ ಕಡೆ ಮಾಂಟಾ ಮೀನು ಸಿಗುವ ಸಾಧ್ಯತೆ ಜಾಸ್ತಿ. ಒಳ್ಳೆ ರೆಸಾರ್ಟ್ ಆದರೆ ದಡದ ಪಕ್ಕದಲ್ಲೇ ರೀಫ್ (ನೀರಿನಡಿಯ ಹವಳದ ದಿಬ್ಬ) ಇರುತ್ತದೆ. ಯಜಮಾನರು ಲೈಫ್ ಜಾಕೆಟ್ ಹಾಕಿಕೊಂಡು ಅಲ್ಲೇ ಮೀನು ನೋಡಬಹುದು. ಆದರೆ ದ್ವೀಪ ಅಂದರೆ ಸುತ್ತಿ ಬರಲು ಅರ್ಧ ಗಂಟೆಯೂ ಬೇಡ. ವಯಸ್ಸಾದವರಿಗೆ ಎರಡು ಮೂರು ದಿನದಲ್ಲಿ ಸಾಕಾಗಿಹೋಗುತ್ತದೆ. ಖರ್ಚು ಕಡಿಮೆ ಆಗಲಿ ಅಂತ ಮಾಫುಶಿಯಂಥ, ಅಲ್ಲಿನ ಜನರೇ ವಾಸ ಇರುವ ದ್ವೀಪದ ಗೆಸ್ಟ್‌ಹೌಸ್ ಹಿಡಿದರೆ ಊಟದ ಕಷ್ಟ. ಅಲ್ಲಿ ಅಡುಗೆ ಅಂದರೆ ಟ್ಯೂನಾ ಮೀನು.

ಅತ್ತೆಗೆ ಹೆಚ್ಚು ಖುಷಿ ಕೊಡೋದು ಶ್ರೀಲಂಕಾ. ಉನವಟುನದಲ್ಲಿ ಉಳಿದುಕೊಂಡರೆ ಗಾಲ್ ಕೋಟೆ ಪಕ್ಕದಲ್ಲೇ. ಮಿರಿಸ್ಸಾದಲ್ಲಿ ತಿಮಿಂಗಿಲ ನೋಡಲು ಅದೇ ಸರಿಯಾದ ಸಮಯ. ಹಿಕ್ಕಡುವದಲ್ಲಿ ಆಮೆಗಳು ದಡಕ್ಕೇ ಬರುತ್ತವೆ. ಊಟದಲ್ಲಿ ಮಾತ್ರ ಹುಷಾರು. ನಮ್ಮ ಕಾಯಿ ಚಟ್ನಿ ಥರ ಕಾಣುವ ಪೋಲ್ ಸಂಬೋಲ್‌ಗೂ ಒಣಮೀನು ಹಾಕುತ್ತಾರೆ, ಕೇಳಿಯೇ ತಿನ್ನಬೇಕು. ಡೈವಿಂಗ್ ಸುಮಾರು. ಬಂಡೆ, ಮುಳುಗಿದ ಹಡಗು ಜಾಸ್ತಿ, ಹವಳ ಕಡಿಮೆ. ಯಾರಾದರೂ ಪೂರ್ವ ಕರಾವಳಿಯ ಟ್ರಿಂಕೋಮಲಿಗೆ ಹೋಗಿ ಅಂದರೆ ಜನವರಿಯಲ್ಲಿ ಬೇಡ. ಆ ಕಡೆ ಸಮುದ್ರದ ಅಬ್ಬರ ಇಳಿಯುವುದು ಮೇ ಹೊತ್ತಿಗೆ.

ನಿಮ್ಮ ಮನೆಗೆ ನಾನು ಹೇಳೋದು ಹ್ಯಾವ್‌ಲಾಕ್. 2018ರಿಂದ ಸರ್ಕಾರಿ ಹೆಸರು ಸ್ವರಾಜ್ ದ್ವೀಪ. ವೀಸಾ ರಗಳೆ ಇಲ್ಲ, ಶುದ್ಧ ಸಸ್ಯಾಹಾರಿ ಊಟ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಅಡುಗೆಯವರಿಗೆ ಹಿಂದಿಯಲ್ಲೇ ಹೇಳಬಹುದು. ರಾಧಾನಗರ ಬೀಚಿನ ತನಕ ಕಾರು ಹೋಗುತ್ತದೆ, ಮರದ ನೆರಳಿದೆ, ಅತ್ತೆ ಆರಾಮಾಗಿ ಕೂರಬಹುದು. ನಿಮಗೆ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಎಂಬ ಡೈವ್ ಜಾಗಗಳಿವೆ. ಎರಡೂ ಆಳದವು, ಅಡ್ವಾನ್ಸ್ಡ್ ಸರ್ಟಿಫಿಕೇಟ್ ಇರುವುದರಿಂದ ನಿಮ್ಮನ್ನು ಕರೆದೊಯ್ಯುತ್ತಾರೆ. ಜನವರಿಗೆ ಈಶಾನ್ಯ ಮಾರುತದ ಮಳೆಯೂ ಕಡಿಮೆಯಾಗಿರುತ್ತದೆ.

ಒಂದು ಮಾತು. ಬುಕ್ ಮಾಡುವ ಮೊದಲು ಪಂಚಾಂಗ ನೋಡಿ. ಹ್ಯಾವ್‌ಲಾಕಿನ ಪೂರ್ವದ ದಡದಲ್ಲಿ ರೆಸಾರ್ಟುಗಳು ಜಾಸ್ತಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ತುಂಬಾ ದೂರ ಸರಿಯುತ್ತದೆ. ರೂಮಿನ ಮುಂದೆ ಸಮುದ್ರದ ಬದಲು ಕಲ್ಲು, ಸತ್ತ ಹವಳ, ಅಂಗಾಲು ಕುಯ್ಯುವ ಚಿಪ್ಪು. ಈಜಲು ಆಗಲ್ಲ. ನೀರಿನಡಿ ಸೆಳೆತವೂ ಆಗ ಜಾಸ್ತಿ. ಅಷ್ಟಮಿ ಕಳೆದ ಒಂದೆರಡು ದಿನದಲ್ಲಿ ಏರಿಳಿತ ಕಡಿಮೆ. ನಿಮ್ಮ ಡೈವ್ ದಿನಗಳನ್ನು ಅಲ್ಲಿಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಮಗಳಿಗೆ ಡೈವ್ ಮಾಡಿಸಬಹುದಾ? ಚಿಕ್ಕವಳಿದ್ದಾಗ ಉಬ್ಬಸ ಇತ್ತು, ಇನ್ಹೇಲರ್ ಹಾಕುತ್ತಿದ್ದೆವು. ಈಗ ಎರಡು ವರ್ಷದಿಂದ ಏನೂ ಇಲ್ಲ. ಡೈವ್‌ಗೆ ಮೊದಲು ತುಂಬುವ ಆರೋಗ್ಯದ ಫಾರ್ಮ್‌ನಲ್ಲಿ ಬರೆಯಲೇಬೇಕಾ?

ಉತ್ತರ: ಬರೆಯಲೇಬೇಕು ಮೇಡಂ. ದಯವಿಟ್ಟು ಮುಚ್ಚಿಡಬೇಡಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ. ಉಬ್ಬಸದಿಂದ ಶ್ವಾಸನಾಳ ಬಿಗಿದಿದ್ದರೆ ಆ ಗಾಳಿಗೆ ಹೊರಗೆ ಬರಲು ದಾರಿ ಇರಲ್ಲ, ಶ್ವಾಸಕೋಶಕ್ಕೇ ಪೆಟ್ಟಾಗಬಹುದು. ಮೈಸೂರಲ್ಲೇ ಶ್ವಾಸಕೋಶದ ಡಾಕ್ಟರಿಗೆ ತೋರಿಸಿ, ಉಸಿರಾಟದ ಪರೀಕ್ಷೆ ಮಾಡಿಸಿ, ಅವರು ಒಪ್ಪಿದರೆ ಬರೆಸಿಕೊಂಡು ಹೋಗಿ. ಹೋದ ಮೇಲೆ ಅಲ್ಲಿ ಡಾಕ್ಟರನ್ನು ಹುಡುಕುತ್ತಾ ರಜೆ ಕಳೆಯಬೇಡಿ.

ಡಾಕ್ಟರ್ ಒಪ್ಪಿದರೆ ಸರಿ, ಡೈವಿಂಗ್ ತರಬೇತಿ ಸಂಸ್ಥೆ ಪಾಡಿ (PADI) ನಿಯಮದಲ್ಲಿ 10 ತುಂಬಿದ ಮಕ್ಕಳು ಟ್ರೈ ಡೈವ್, ಅಂದರೆ ಇನ್‌ಸ್ಟ್ರಕ್ಟರ್ ಜೊತೆ ಮೊದಲ ಸಲದ ಡೈವ್, ಮಾಡಬಹುದು, 12 ಮೀಟರ್ ಮೀರುವಂತಿಲ್ಲ. ಮೊದಲು ಎದೆಮಟ್ಟದ ನೀರಲ್ಲಿ ಮಂಡಿಯೂರಿಸಿ ಕಲಿಸುತ್ತಾರೆ. ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ತೆಗೆಯುವುದು, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದು. ಅಷ್ಟು ಆರಾಮಾಗಿ ಮಾಡಿದರೆ ಮಾತ್ರ ಮುಂದೆ. ಆ ದಿನ ನೆಗಡಿ ಇದ್ದರೆ ಬೇಡವೇ ಬೇಡ. ಡಾಕ್ಟರ್ ಬೇಡ ಅಂದರೆ ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಲ್ಲಿ ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ನೋಡುವುದು) ಇದೆ, ಅಪ್ಪ ಮಗಳು ಒಟ್ಟಿಗೆ ಹೋಗಲಿ. ಅಲ್ಲಿ ಬೋಟಿಂದ ಇಳಿಯುವಾಗ ನೀರಿಗೇ ಕಾಲಿಡಬೇಕಾಗಬಹುದು, ಅತ್ತೆಯನ್ನು ಕರೆದೊಯ್ಯಬೇಡಿ.

ಇನ್ನೊಬ್ಬ ಸದಸ್ಯರು: ಸರ್, ಅಷ್ಟು ದೂರ ಯಾಕೆ? ನಮ್ಮ ನೇತ್ರಾಣಿನೇ ಸಾಕಲ್ವಾ?

ಉತ್ತರ: ನೇತ್ರಾಣಿ ನನಗೂ ಇಷ್ಟ. ಮೀನು ಚೆನ್ನಾಗಿವೆ, ಜನವರಿ ಒಳ್ಳೆ ಕಾಲ. ಆದರೆ ಅದು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್. ದ್ವೀಪದಲ್ಲಿ ಇಳಿದು ಕೂರಲು ಜಾಗ ಇಲ್ಲ. ಡೈವ್ ಮಾಡದವರು ಅಲುಗಾಡುವ ಬೋಟಲ್ಲೇ ಇರಬೇಕು, ವಾಂತಿ ಆಗುತ್ತದೆ. ಮನೆಯವರು ಮುರ್ಡೇಶ್ವರದಲ್ಲೇ ದೇವಸ್ಥಾನ ನೋಡಿಕೊಂಡು ಇರುತ್ತಾರೆ ಅಂದರೆ ಎರಡು ದಿನಕ್ಕೆ ಹೋಗಿ ಬರಬಹುದು. ಏಳು ದಿನಕ್ಕೆ ಆಗಲ್ಲ.

ಮತ್ತೊಬ್ಬ ಸದಸ್ಯರು: ನಾವು ದುಬೈ ಕನ್ನಡಿಗರು. ಈಜಿಪ್ಟಿನ ಹುರ್ಘಾಡಾ ನಮಗೆ ಹತ್ತಿರ. ಜನವರಿಗೆ ಹೇಗೆ?

ಉತ್ತರ: ಹವಳ ಅದ್ಭುತ. ಆದರೆ ಆಗ ಅಲ್ಲಿ ನೀರು 22 ಡಿಗ್ರಿ ಆಸುಪಾಸು, ಮೇಲೆ ಬಂದರೆ ಗಾಳಿ. ದಪ್ಪ ವೆಟ್‌ಸೂಟ್ ಹಾಕಿಕೊಂಡ ಡೈವರಿಗೆ ತೊಂದರೆ ಇಲ್ಲ, ಮಕ್ಕಳು ಹತ್ತೇ ನಿಮಿಷಕ್ಕೆ ನಡುಗುತ್ತಾರೆ. ಅಕ್ಟೋಬರಿಗೆ ಹೋಗಿ.

ಪ್ರಶ್ನೆ: ಸರ್, ಕೊನೆಯದಾಗಿ ಕೇಳ್ತೀನಿ. ವಾಪಸ್ ವಿಮಾನ ಮಧ್ಯಾಹ್ನ ಒಂದಕ್ಕೆ. ಹಿಂದಿನ ದಿನ ಬೆಳಿಗ್ಗೆ ಡೈವ್ ಮಾಡಬಹುದಾ?

ಉತ್ತರ: ಸತತವಾಗಿ ಕೆಲವು ದಿನ ಡೈವ್ ಮಾಡಿದವರು ಕಡಿಮೆ ಅಂದರೂ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ನೀರಿಂದ ಎದ್ದರೆ 27 ಗಂಟೆ ಸಿಗುತ್ತದೆ, ತೊಂದರೆ ಇಲ್ಲ. ಆದರೆ ಅದೇ ದಿನ ಮಧ್ಯಾಹ್ನದ ಫೆರಿಗೆ ಪೋರ್ಟ್ ಬ್ಲೇರಿಗೆ (2024ರಿಂದ ಸರ್ಕಾರಿ ಹೆಸರು ಶ್ರೀ ವಿಜಯ ಪುರಂ) ಬಂದುಬಿಡಿ. ಹೊರಡುವ ದಿನ ಬೆಳಿಗ್ಗೆಯ ಫೆರಿ ನಂಬಬೇಡಿ, ಸಮುದ್ರ ಎದ್ದರೆ ರದ್ದು ಮಾಡುತ್ತಾರೆ. ಅಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ. ಸಂಜೆ ಸೆಲ್ಯುಲಾರ್ ಜೈಲಿನ ಬೆಳಕು-ಧ್ವನಿ ಪ್ರದರ್ಶನಕ್ಕೆ ಟಿಕೆಟ್ ಮೊದಲೇ ತೆಗೆದಿಡಿ, ಕೂತು ನೋಡುವಂಥದ್ದು, ಅತ್ತೆಯ ಮಂಡಿಗೂ ತೊಂದರೆ ಇಲ್ಲ.