ಕಾದಂಬರಿಯ ಓಣಿಯನ್ನು ಅದೇ ಓಣಿಯ ಗೋಡೆಗೆ ಬರೆಯಬೇಕಾಗಿದೆ: ಬುಡದ ಕಿಂಡಿಯನ್ನು ಏನು ಮಾಡಲಿ?

ಬಣ್ಣದ ಡಬ್ಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೋರ್ಡ್ ಬರೆಯುವವನು. 27 ವರ್ಷ ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ, ಗಣೇಶನ ಪೆಂಡಾಲಿನ ಪರದೆ ಎಲ್ಲವನ್ನೂ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಅಕ್ಷರದ ಕೆಲಸ ಬತ್ತಿತು, ಈಗ ಗೋಡೆಚಿತ್ರವೇ ಅನ್ನ. ಹಂಪಿಯ ಕಲ್ಲಿನ ರಥ, ಜೋಗ, ಯಕ್ಷಗಾನದ ಮುಖ, ಹುಲಿ, ಈ ನಾಲ್ಕನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಈಗ ಬಂದಿರುವ ಕೆಲಸ ಅಂಥದ್ದಲ್ಲ.

ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆಯಿಂದ ಒಳಗೆ ತಿರುಗಿದರೆ ಮನೆಗಳ ಬೆನ್ನಿಗೆ ಒಂದು ಕನ್ಸರ್ವೆನ್ಸಿ ಲೇನ್ ಸಿಗುತ್ತದೆ. ಅಗಲ 10 ಅಡಿ. ಅದರ ಬಲಗಡೆಯ ಹಳೆಯ ಗೋಡೆ 42 ಅಡಿ ಉದ್ದ, 7 ಅಡಿ ಎತ್ತರ. ಈ ಓಣಿಯನ್ನೇ ಇಟ್ಟುಕೊಂಡು ಬರೆದ ಹಳೆಯ ಕಾದಂಬರಿಯೊಂದಿದೆ. ಲೇಖಕರ ಮನೆಯವರಿಂದ ಅನುಮತಿ ಪತ್ರ ಬರುವವರೆಗೆ ಹೆಸರು ಎಲ್ಲಿಯೂ ಬರೆಯಬೇಡಿ ಎಂದಿದ್ದಾರೆ, ಆದ್ದರಿಂದ ಬರೆಯುವುದಿಲ್ಲ. ಅಲ್ಲಿಯ ಓದುಗರ ಗುಂಪೊಂದು ಹಣ ಕೂಡಿಸಿ ಆ ಕಾದಂಬರಿಯನ್ನು ಆ ಗೋಡೆಯ ಮೇಲೆ ನೋಡಬೇಕು ಎಂದು ನನ್ನನ್ನು ಕರೆದಿದೆ. ಗೋಡೆಯ ಮಾಲೀಕರು ಒಪ್ಪಿದ್ದಾರೆ.

ನಾನು ಕಾದಂಬರಿ ಓದುವ ಜಾತಿಯವನಲ್ಲ. ಇದನ್ನು ಮೂರು ಸಲ ಓದಿದೆ. ಗುಂಪಿನವರು ಕೊಟ್ಟಿರುವ ಪಟ್ಟಿಯಲ್ಲಿ ಸಂಪಿಗೆ ಮರ, ಫಿಲ್ಟರ್ ಕಾಫಿ, ರಂಗೋಲಿ, ಜಗಲಿಯ ಮೇಲೆ ಕುಳಿತ ಅಜ್ಜ ಇದ್ದಾರೆ. ಪುಸ್ತಕದಲ್ಲಿ ಜಗಲಿಯೇ ಇಲ್ಲ! ಇಡೀ ಕಥೆ ಮನೆಯ ಹಿಂದೆ ನಡೆಯುತ್ತದೆ. ಹೇಳುವವನು ಒಂಬತ್ತು ವರ್ಷದ ಹುಡುಗ. ಅಮ್ಮ ಕರಿಬೇವಿಗೆ ಕಳುಹಿಸಿದರೆ ಹಿತ್ತಿಲ ಬಾಗಿಲಿನಿಂದ ಹೊರಟು ಮೂರು ಮನೆಯ ಸುದ್ದಿ ಹೊತ್ತು ಬರುತ್ತಾನೆ. ರಾಜಾ ಮಿಲ್ಲಿನ ಕೂಗಿನಿಂದ ಹೊತ್ತು ತಿಳಿಯುತ್ತಿದ್ದ ಕಾಲ. ಮಿಲ್ ಇದ್ದ ಕಡೆ ಈಗ ಮಾಲ್ ಇದೆ. ಕೂಗನ್ನು ಹೇಗೆ ಬರೆಯುವುದೋ ನನಗೆ ತಿಳಿಯದು, ಅದು ಹಾಗಿರಲಿ.

ನನ್ನ ತೊಡಕು ಬೇರೆ. ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಚೌಕದ ಒಂದು ಕಿಂಡಿ ಇದೆ. ಮೇಲೆ ಕಲ್ಲಿನ ಪಟ್ಟಿ, ಒಳಗೆ ಇಟ್ಟಿಗೆ ತುಂಬಿದ್ದಾರೆ, ಗಾರೆ ಮೆತ್ತಿಲ್ಲ. ಮೇಸ್ತ್ರಿ ನೋಡಿದವನೇ "ಇದಕ್ಕೆ ಸಿಮೆಂಟ್ ಬಳಿದು ಮಟ್ಟ ಮಾಡಿಬಿಡೋಣ" ಎಂದ. ಗುಂಪಿನಲ್ಲಿ ಅದು ಏನೆಂದು ಯಾರೂ ಕೇಳಲಿಲ್ಲ. ಪುಸ್ತಕದ ಏಳನೆಯ ಅಧ್ಯಾಯ ಪೂರ್ತಿ ಆ ಕಿಂಡಿಯದೇ. ಒಳಗಡೆ ಕಕ್ಕಸು, ಹೊರಗಡೆ ಓಣಿ. ಬೆಳಗಿನ ಜಾವ ಒಬ್ಬ ಮನುಷ್ಯ ಬಂದು ಆ ಕಿಂಡಿಯಿಂದ ಮಲದ ಬಾನಿಯನ್ನು ಎಳೆದು ಖಾಲಿ ಮಾಡಿ ಹೋಗುತ್ತಾನೆ. ಹುಡುಗ ಅವನನ್ನು ಮಾತನಾಡಿಸುತ್ತಾನೆ, ಏಟು ತಿನ್ನುತ್ತಾನೆ.

ಕಿಂಡಿಯನ್ನು ಮುಚ್ಚಲೇ, ಬಿಡಲೇ? ಇನ್ನೊಂದು ಪ್ರಶ್ನೆ: ಗೋಡೆಗೆ ಕೆಳಗಿನಿಂದ ಉಪ್ಪು ಬಂದಿದೆ. ಎರಡು ವರ್ಷದ ಹಿಂದೆ ಒಂದು ಶಾಲೆಯ ಗೋಡೆಗೆ ನಾನು ಬರೆದ ಹುಲಿ ಒಂದೇ ಮಳೆಗಾಲಕ್ಕೆ ಚರ್ಮ ಸುಲಿದುಕೊಂಡಿತು. ಮತ್ತೆ ಹಾಗಾಗಬಾರದು.

ಗಾರೆ ಅರೆದವನು ಉತ್ತರ:

ಮೊದಲು ಉಪ್ಪಿನ ವಿಷಯ. ಗೋಡೆಯನ್ನು ಬೀಗದ ಕೈಯಿಂದ ಕೆರೆಯಿರಿ. ಬಿಳಿಯ ಪುಡಿ ಸಲೀಸಾಗಿ ಉದುರಿದರೆ ಅದು ಸುಣ್ಣದ ಗಾರೆ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಡಾವಣೆಗಳು. ಅಲ್ಲಿಯ ಹಳೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ್ದೇ ಹೆಚ್ಚು. ಅವು ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತವೆ. ನೀವು ಅದರ ಮೇಲೆ ಪುಟ್ಟಿ, ಪ್ರೈಮರ್, ಎರಡು ಕೈ ಅಕ್ರಿಲಿಕ್ ಎಮಲ್ಶನ್ ಹೊಡೆದರೆ ಗೋಡೆಗೆ ರೈನ್‌ಕೋಟ್ ತೊಡಿಸಿದಂತೆ. ಒಳಗಿನ ನೀರು ಹೊರಬರಲಾಗದೆ ಬಣ್ಣವನ್ನೇ ತಳ್ಳುತ್ತದೆ. ನಿಮ್ಮ ಹುಲಿಗೆ ಆದದ್ದೂ ಬಹುಶಃ ಇದೇ.

ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ಹಗಲು ರಾತ್ರಿ ಬಿಡಿ. ಒಳಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಮಾಡಿ. ಓಣಿಗೆ ಸಲಸಲಕ್ಕೂ ಕಾಂಕ್ರೀಟ್ ಸುರಿದು ನೆಲ ಏರಿಸಿರುತ್ತಾರೆ, ಗೋಡೆಯ ಬುಡ ಹೂತುಹೋಗಿರುತ್ತದೆ. ಬುಡದುದ್ದಕ್ಕೂ ಅರ್ಧ ಅಡಿ ಅಗೆದು ನೀರು ಹರಿದುಹೋಗುವಂತೆ ಮಾಡಿಸಿ.

ಬಣ್ಣಕ್ಕೆ ಸುಣ್ಣವೇ ಸರಿ. ತೆಳು ಸುಣ್ಣ ಬಳಿದು ಅದು ಹಸಿಯಾಗಿರುವಾಗಲೇ ಸುಣ್ಣದ ತಿಳಿಯಲ್ಲಿ ಕಲಸಿದ ಮಣ್ಣಿನ ಬಣ್ಣ ಹಚ್ಚಿ. ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆ, ಅಲ್ಟ್ರಾಮರೀನ್ ಪುಡಿ ನೀಲಿ, ಇವು ಸುಣ್ಣದ ಖಾರವನ್ನು ತಡೆಯುತ್ತವೆ. ಪ್ರಶ್ಯನ್ ನೀಲಿ ತಡೆಯುವುದಿಲ್ಲ. ಬಟ್ಟೆಗೆ ಹಾಕುವ ದ್ರವ ನೀಲಿಯಂತೂ ಬೇಡವೇ ಬೇಡ. ಬೋರ್ಡ್ ಬರೆಯುವವರಿಗೆ ಈ ಬಣ್ಣಗಳು ಸಪ್ಪೆ ಅನ್ನಿಸಬಹುದು. ಒಣಗಿದ ಮೇಲೆ ಬಣ್ಣ ಒಂದು ಹಂತ ತಿಳಿಯಾಗುತ್ತದೆ, ಮಾದರಿ ಮಾಡಿ ನೋಡಿಯೇ ಮುಂದುವರಿಯಿರಿ. ಇಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಡಿಸೆಂಬರ್ ಕೊನೆಯವರೆಗೆ ಕಾಯಿರಿ.

ಕಿಂಡಿಗೆ ಸಿಮೆಂಟ್ ಬಳಿಯಬೇಡಿ. ನಾನು ಹೇಳುವುದು ತೇವದ ಕಾರಣಕ್ಕೆ. ಉಳಿದದ್ದು ನಿಮಗೆ ಬಿಟ್ಟದ್ದು.

ಅಡ್ಡರಸ್ತೆ ಉತ್ತರ:

ನಾನು ಅದೇ ಬಡಾವಣೆಯವನು. ಆ ದಾರಿಯಲ್ಲಿ ಮಕ್ಕಳು ಟ್ಯೂಶನ್‌ಗೆ ಹೋಗುತ್ತಾರೆ. ಗೋಡೆಗೆ ಬಣ್ಣ ಬಂದರೆ ಕಸ ಎಸೆಯುವುದು, ಮೂತ್ರ ಮಾಡುವುದು ನಿಲ್ಲುತ್ತದೆ ಎಂಬ ಆಸೆ ನಮ್ಮದು. ಅಲ್ಲಿ ಕಕ್ಕಸಿನ ಕಥೆ ಏಕೆ? ಕಾದಂಬರಿಯಲ್ಲಿ ಒಳ್ಳೆಯ ಅಧ್ಯಾಯಗಳೂ ಇವೆಯಲ್ಲ. ಸಂಪಿಗೆ ಮರ ಬರೆಯಿರಿ, ಎಲ್ಲರಿಗೂ ಸಂತೋಷ.

ಹಿತ್ತಿಲ ಬಾಗಿಲು ಉತ್ತರ:

ಅಡ್ಡರಸ್ತೆಯವರೇ, ನನಗೆ 74. ನಾನು ಹುಟ್ಟಿದ್ದು ಅಂಥದೇ ಓಣಿಗೆ ಬೆನ್ನು ಕೊಟ್ಟ ಮನೆಯಲ್ಲಿ. ಆ ಓಣಿ ಇರುವುದೇ ಆ ಕೆಲಸಕ್ಕೆ. ಮುಂಬಾಗಿಲಿನ ರಸ್ತೆಯಲ್ಲಿ ಮಲದ ಗಾಡಿ ಕಾಣಬಾರದೆಂದು ಹಿಂದೆ ಒಂದು ದಾರಿ ಬಿಟ್ಟರು. ಈಗ ಅದರಲ್ಲಿ ಸ್ಕೂಟರ್ ನಿಲ್ಲಿಸುತ್ತೇವೆ, ಟ್ಯೂಶನ್‌ಗೆ ಹೋಗುತ್ತೇವೆ. ಸಂಪಿಗೆ ಮರ ಬೇಕಿದ್ದರೆ ಸಂಪಿಗೆ ರಸ್ತೆಯಲ್ಲಿ ಬರೆಸಿ.

ಅವನು ಬರುವ ಹೊತ್ತಿಗೆ ನಮ್ಮನ್ನು ಒಳಗೆ ಕರೆಯುತ್ತಿದ್ದರು. ಹಿತ್ತಿಲ ಬಾಗಿಲಿಗೆ ಕೆಳಗೆ ನಾಲ್ಕು ಬೆರಳು ಸಂದು. ನಾನು ನೆಲಕ್ಕೆ ಕೆನ್ನೆ ಕೊಟ್ಟು ನೋಡುತ್ತಿದ್ದೆ. ಕಾಣುತ್ತಿದ್ದದ್ದು ಎರಡು ಕಾಲು, ಒಂದು ಚಕ್ರ. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಅದು ಎಷ್ಟು ತಿಂಗಳು ಹಾಗೆಯೇ ಇತ್ತೋ. ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ತೋಟಿ ಎನ್ನುತ್ತಿದ್ದರು. ಹೆಸರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು.

ಡಬ್ಬಿಯವರೇ, ಕಿಂಡಿಯನ್ನು ಮುಚ್ಚಬೇಡಿ. ಇನ್ನೊಂದು ಮಾತು. ಈಗಿನ ಕಲಾವಿದರು ಮಾಡುವಂತೆ ಬರೀ ಕಾಲು, ಬರೀ ನೆರಳು ಬರೆದು ಕೈತೊಳೆದುಕೊಳ್ಳಬೇಡಿ. ನನಗೆ ಅವನ ಮುಖ ನೆನಪಿಲ್ಲ. ಅವನಿಗೆ ಮುಖ ಇರಲಿಲ್ಲವೆಂದು ಅದರ ಅರ್ಥವಲ್ಲ.

ಜಗತಿ ಉತ್ತರ:

ನಾನು ಕಲಾ ಇತಿಹಾಸ ಪಾಠ ಮಾಡುವವಳು. ಒಂದು ಲೆಕ್ಕ ಹೇಳುತ್ತೇನೆ. 10 ಅಡಿಯ ಓಣಿಯಲ್ಲಿ ನಿಂತು 42 ಅಡಿಯ ಗೋಡೆಯನ್ನು ಒಮ್ಮೆಗೇ ನೋಡಲು ಆಗುವುದಿಲ್ಲ, ನಡೆಯುತ್ತಲೇ ನೋಡಬೇಕು. ಆದ್ದರಿಂದ ನಡುವೆ ಒಂದು ದೊಡ್ಡ ದೃಶ್ಯ, ಅಕ್ಕಪಕ್ಕ ತುಂಬು ಎಂಬ ಸಿನಿಮಾ ಪೋಸ್ಟರಿನ ಜೋಡಣೆ ಇಲ್ಲಿ ಸೋಲುತ್ತದೆ. ಹಳೇಬೀಡಿನಲ್ಲಿ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಪ್ರದಕ್ಷಿಣೆ ಹೋಗುತ್ತಾ ಗೋಡೆಯಲ್ಲಿ ಸಾಲಾಗಿ ಕೆತ್ತಿದ ರಾಮಾಯಣದ ಪಟ್ಟಿಕೆ ನೋಡಿದ್ದೀರಲ್ಲ? ಗುಡಿ ನಮ್ಮ ಬಲಕ್ಕಿರುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ಮುಂದಿನ ಸಂಗತಿ ಎಡಕ್ಕೆ ಬರುತ್ತದೆ. ನಿಮ್ಮ ಗೋಡೆಯೂ ಮಾರ್ಗೋಸಾ ರಸ್ತೆಯಿಂದ ಬರುವವರ ಬಲಕ್ಕಿದೆ. ಕಥೆ ಬಲದಿಂದ ಎಡಕ್ಕೆ ಹರಿಯಬೇಕು. ಅಕ್ಷರದ ಕೈ ಎಡದಿಂದ ಬಲಕ್ಕೆ ಪಳಗಿದೆ, ಮೊದಲ ಎರಡು ದಿನ ಕಷ್ಟವಾಗಬಹುದು.

ಹೇಳುವವನು ಒಂಬತ್ತರ ಹುಡುಗ ಎಂದಿರಿ. ಹಾಗಾದರೆ ದಿಗಂತದ ಗೆರೆಯನ್ನು ಅವನ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 4 ಅಡಿಗೆ ಎಳೆಯಿರಿ.

ಕಡತ ಉತ್ತರ:

ಚುಟುಕಾಗಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. ಓಣಿಯ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಆದರೆ ಪುಸ್ತಕದ ವಾಕ್ಯವನ್ನು ಗೋಡೆಗೆ ಬರೆಯುವುದಾದರೆ ಲಿಖಿತ ಅನುಮತಿ ಬೇಕು. ಸಾರ್ವಜನಿಕರಿಗೆ ಕಾಣುವ ಗೋಡೆಯಾದ್ದರಿಂದ ಪಾಲಿಕೆಯ ಅನುಮತಿಯನ್ನೂ ಪಡೆಯಿರಿ, ತೆರೆದ ಸ್ಥಳಗಳ ಅಂದಗೆಡಿಸುವುದರ ವಿರುದ್ಧ 1981ರ ಕಾಯ್ದೆ ಇದೆ. ನಿಮ್ಮ ಹಕ್ಕನ್ನೂ ಮರೆಯಬೇಡಿ. ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತ ಭಿತ್ತಿಶಿಲ್ಪದ ಬಗ್ಗೆ ಅದನ್ನು ಮಾಡಿದ ಶಿಲ್ಪಿ ಅಮರನಾಥ ಸೆಹಗಲ್ ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮನೆ ಮಾರಿದರೆ, ಗೋಡೆ ಕೆಡವಿದರೆ ಏನು ಎಂಬುದನ್ನು ಮಾಲೀಕರೊಂದಿಗೆ ಈಗಲೇ ಕಾಗದದಲ್ಲಿ ಬರೆದುಕೊಳ್ಳಿ.

ಬಣ್ಣದ ಡಬ್ಬಿ ಮತ್ತೆ:

ಎಲ್ಲರಿಗೂ ಕೃತಜ್ಞತೆ. ಮೂರು ದಿನ ಓಣಿಯಲ್ಲೇ ಇದ್ದೆ.

ಮೊದಲಿಗೆ ಜಗತಿ ಮೇಡಂ ಹೇಳಿದ ಗೆರೆ. ಎದುರು ಮನೆಯ ಹುಡುಗನನ್ನು ಗೋಡೆಗೆ ನಿಲ್ಲಿಸಿ ಕಣ್ಣಿನ ನೇರಕ್ಕೆ ಗುರುತು ಹಾಕಿದೆ. 3 ಅಡಿ 11 ಅಂಗುಲ. ನೂಲಿಗೆ ಕೆಮ್ಮಣ್ಣು ಹಚ್ಚಿ 42 ಅಡಿಯೂ ಹೊಡೆದೆ. ಗುಂಪಿನವರು "ಇಷ್ಟು ಕೆಳಗೆ ಏಕೆ" ಎಂದರು. ಮೊಣಕಾಲೂರಿ ನೋಡಿ ಎಂದೆ. ಇಬ್ಬರು ಊರಿದರು. ಒಬ್ಬರಿಗೆ ಏಳುವಾಗ ನನ್ನ ಕೈ ಬೇಕಾಯಿತು.

ಆ ಗೆರೆ ಹಾಕಿದ ಮೇಲೆ ಒಂದು ಸಂಗತಿ ಹೊಳೆಯಿತು. ಕಟೌಟ್ ಬರೆಯುವಾಗ ಹೀರೋ ದೊಡ್ಡವನು, ಪಕ್ಕದವನು ಗಿಡ್ಡ. ಅದಕ್ಕೆ ಲೆಕ್ಕವಿಲ್ಲ, ನಿರ್ಮಾಪಕರು ಹೇಳಿದ್ದೇ ಅಳತೆ. ಇಲ್ಲಿ ಹಾಗೆ ಬರುವುದಿಲ್ಲ. ಕಣ್ಣಿನ ಗೆರೆ 4 ಅಡಿಗಿದ್ದರೆ, ಒಂದೇ ಎತ್ತರದ ದೊಡ್ಡವರು ಹತ್ತಿರ ನಿಂತರೂ ದೂರ ನಿಂತರೂ ಗೆರೆ ಅವರ ಎದೆಯ ಹತ್ತಿರವೇ ಹಾಯುತ್ತದೆ, ತಲೆ ಅದರ ಮೇಲಿರುತ್ತದೆ. ಅಮ್ಮ, ಪಕ್ಕದ ಮನೆಯ ಅತ್ತೆ, ಮಿಲ್ಲಿನಿಂದ ಮರಳುವ ಮಾವ, ಗಾಡಿ ತಳ್ಳುವ ಆ ಮನುಷ್ಯ ಎಲ್ಲರಿಗೂ ಅಷ್ಟೇ. ಅವನನ್ನು ಗಿಡ್ಡ ಮಾಡಬೇಕಾದರೆ ನಾನು ಬೇಕೆಂದೇ ತಪ್ಪು ಮಾಡಬೇಕು. ನಾಲ್ಕು ಜನರನ್ನೂ ಇದ್ದಿಲಿನಲ್ಲಿ ಗೀಚಿ ನೋಡಿದೆ, ಸರಿಯಾಗಿ ಕೂತಿತು.

ಹಿತ್ತಿಲ ಬಾಗಿಲಿನ ಅಮ್ಮ, ಅವನಿಗೆ ಮುಖ ಬರೆಯುತ್ತೇನೆ. ಯಾರ ಮುಖ ಎಂಬುದೇ ಕಷ್ಟ. ಪುಸ್ತಕದಲ್ಲಿ ಹುಡುಗ ಅವನ ಹುಬ್ಬಿನ ಮೇಲಿನ ಮಚ್ಚೆಯನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಸಿನಿಮಾ ಮುಖ ಬರೆಯುವ ಕೈ ನನ್ನದು, ತಡೆಯದಿದ್ದರೆ ತಾನಾಗಿಯೇ ಮೀಸೆ ತಿರುವಿಬಿಡುತ್ತದೆ. ಹೆಬ್ಬೆರಳಿನ ಬಟ್ಟೆ ಪುಸ್ತಕದಲ್ಲಿ ಇಲ್ಲ, ಆದರೂ ತಾವು ಒಪ್ಪಿದರೆ ಅದನ್ನು ಹಾಕಿಕೊಳ್ಳುತ್ತೇನೆ.

ಕಿಂಡಿ ಹಾಗೆಯೇ ಇರುತ್ತದೆ, ಬರಿಯ ಇಟ್ಟಿಗೆ, ಬಣ್ಣವಿಲ್ಲ. ಗುಂಪಿನ ಸಭೆಯಲ್ಲಿ ಏಳನೆಯ ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದಿದರು, ಓದು ಮುಗಿದ ಮೇಲೆ ಕಾಫಿ ತಣ್ಣಗಾಗಿತ್ತು. ಆದರೂ ಎಲ್ಲರೂ ಒಪ್ಪಿಲ್ಲ. ಸಂಪಿಗೆ ಮರಕ್ಕಾಗಿ ಹಣ ಕೊಟ್ಟವರೊಬ್ಬರು ಮರಳಿ ಕೇಳುತ್ತಿದ್ದಾರೆ. ಅಡ್ಡರಸ್ತೆಯವರೇ, ಅದು ತಾವಲ್ಲ ಎಂದುಕೊಂಡಿದ್ದೇನೆ. ಸಂಪಿಗೆಯ ಒಂದು ಕೊಂಬೆ ಗೋಡೆಯ ಮೇಲಿನಿಂದ ಇಳಿದು ಬರುವಂತೆ ಬರೆಯುತ್ತೇನೆ, ಅದು ಕಾದಂಬರಿಯಲ್ಲೂ ಇದೆ.

ಇನ್ನೂ ಬಗೆಹರಿಯದೆ ಇರುವುದು ಸ್ಕೂಟರ್. ಸಂಜೆ ಆರಕ್ಕೆ ಕಿಂಡಿಯ ಮುಂದೆ ಸಾಲಾಗಿ ಐದು ನಿಲ್ಲುತ್ತವೆ. ಬೋರ್ಡ್ ಹಾಕಿದರೆ ನಿಲ್ಲಿಸುವುದಿಲ್ಲ ಎನ್ನುತ್ತಾರೆ. ಬೋರ್ಡ್ ಬರೆದೇ ಬದುಕಿದವನು ನಾನು, ಅದನ್ನು ಯಾರೂ ಓದುವುದಿಲ್ಲ ಎಂದು ನನಗೆ ಗೊತ್ತು.

ಗಾರೆಯವರೇ, ಕೆರೆದು ನೋಡಿದೆ, ಸುಣ್ಣವೇ. ಪ್ಲಾಸ್ಟಿಕ್ ಹಾಳೆಗಳನ್ನು ಮೂರು ಕಡೆ ಈ ಸಂಜೆ ಅಂಟಿಸಿದ್ದೇನೆ. ನಾಳೆ ಕಸ ಗುಡಿಸುವವರು ಬರುವ ಮೊದಲೇ ಹೋಗಬೇಕು. ಇಲ್ಲವಾದರೆ ಯಾರೋ ಅಂಟಿಸಿದ ಕಸ ಎಂದು ಅವರು ಕಿತ್ತುಕೊಂಡು ಹೋಗುತ್ತಾರೆ.