ಖುಲಾ ಕಾಗದಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ (ಹೆಸರು ಬೇಡ, ದಾವಣಗೆರೆ): ಮೇಡಂ, ಭಾವ ಕಳೆದ ತಿಂಗಳು ವಾಟ್ಸ್‌ಆಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿ ಅಕ್ಕನಿಗೆ ಮೂರು ಸಲ ತಲಾಖ್ ಹೇಳಿದರು. ಅಕ್ಕ ಇಬ್ಬರು ಮಕ್ಕಳೊಂದಿಗೆ ನಮ್ಮ ಮನೆಯಲ್ಲಿದ್ದಾಳೆ. ಈಗ ಅವರ ಕಡೆಯ ಹಿರಿಯರು ಛಾಪಾ ಕಾಗದ ಹಿಡಿದು ಬಂದಿದ್ದಾರೆ. ಅಕ್ಕನೇ ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಕೇಳಿದಳು, ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಬಿಟ್ಟುಕೊಟ್ಟಳು ಎಂದು ಅದರಲ್ಲಿ ಬರೆದಿದೆ. ಅಬ್ಬಾ ಮರ್ಯಾದೆಗೆ ಅಂಜಿ ಒಪ್ಪುವ ಮನಸ್ಸಿನಲ್ಲಿದ್ದಾರೆ.

ಉತ್ತರ (ವಕೀಲೆ): ತಂಗಿ, ಆ ಕಾಗದಕ್ಕೆ ಅಕ್ಕ ಸಹಿ ಹಾಕಬಾರದು. ಇಂಥ ಕಾಗದಗಳನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಿಟ್ಟವನು ಅವನು, ಬಿಡುಗಡೆ ಬೇಡಿದವಳು ಇವಳು ಎಂದು ದಾಖಲೆಯನ್ನೇ ತಿರುವಿಹಾಕುವ ಕೆಲಸ ಇದು.

ಒಂದೇ ಉಸಿರಿನ ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಶಾಯರಾ ಬಾನೋ ಪ್ರಕರಣದಲ್ಲಿ ರದ್ದುಗೊಳಿಸಿತು. 2019ರ ಕಾಯ್ದೆ ಅದನ್ನು ಅಪರಾಧವೆಂದೂ ಸಾರಿತು. ಬಾಯಿಮಾತಿನಲ್ಲಿ ಹೇಳಿದರೂ ಮೊಬೈಲ್‌ನಲ್ಲಿ ಕಳುಹಿಸಿದರೂ ಅದು ಅಸಿಂಧು. ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ನಿಮ್ಮ ಅಕ್ಕ ಇಂದಿಗೂ ಆತನ ಹೆಂಡತಿ. ಆತನ ಕಡೆಯವರಿಗೆ ಖುಲಾ ಇಷ್ಟು ಅವಸರವಾಗಿ ಬೇಕಾಗಿರುವುದು ಏಕೆಂದು ಇದರಿಂದಲೇ ಅರ್ಥವಾಗುತ್ತದೆ. ಅಕ್ಕ ಮಾತ್ರವಲ್ಲ, ರಕ್ತಸಂಬಂಧಿಯಾದ ನೀವೂ ದೂರು ಕೊಡಬಹುದು. ತನಗೂ ಮಕ್ಕಳಿಗೂ ಜೀವನ ನಿರ್ವಹಣೆಯ ಭತ್ಯೆ, ಅಪ್ರಾಪ್ತ ಮಕ್ಕಳ ಸುಪರ್ದಿ ಎರಡನ್ನೂ ಅಕ್ಕ ಅದೇ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಧ್ವನಿ ಸಂದೇಶವನ್ನು ಅಳಿಸಬೇಡಿ. ಆ ಮೊಬೈಲನ್ನೂ ಮಾರಬೇಡಿ.

ಪ್ರಶ್ನೆ (ಅವರೇ): ಅಕ್ಕನಿಗೆ ಭಾವ ಜೈಲಿಗೆ ಹೋಗುವುದು ಬೇಕಿಲ್ಲ. ವಾಪಸ್ ಹೋಗುವ ಮನಸ್ಸೂ ಇಲ್ಲ. ಅವರ ಹೊಡೆತ ತಡೆದದ್ದು ಸಾಕು ಎನ್ನುತ್ತಾಳೆ. ಹಾಗಾದರೆ ಖುಲಾ ಬಿಟ್ಟು ಬೇರೆ ದಾರಿ ಇದೆಯೇ?

ಉತ್ತರ: ಇದೆ, ಅದೂ 1939ರಿಂದ. ಮುಸ್ಲಿಂ ವಿವಾಹಗಳ ವಿಸರ್ಜನಾ ಕಾಯ್ದೆಯಡಿ ಹೆಂಡತಿಯೇ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ವಿಚ್ಛೇದನ ಪಡೆಯಬಹುದು. ಹೊಡೆತ ಬಡಿತ, ಮಾನಸಿಕ ಹಿಂಸೆ ಕ್ರೌರ್ಯದ ಆಧಾರದಲ್ಲಿ ಬರುತ್ತವೆ. ಎರಡು ವರ್ಷ ಖರ್ಚಿಗೆ ಕೊಡದಿರುವುದು, ನಾಲ್ಕು ವರ್ಷ ಗಂಡನ ಸುಳಿವೇ ಇಲ್ಲದಿರುವುದು ಇವೂ ಆಧಾರಗಳೇ. ಖುಲಾದಲ್ಲಿ ಮೆಹರ್ ಬಿಟ್ಟುಕೊಡುವುದು ವಾಡಿಕೆ; ಈ ದಾರಿಯಲ್ಲಿ ಮೆಹರ್ ಹಕ್ಕಿಗೆ ಧಕ್ಕೆಯಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಮೆಹರ್ ಗಂಡನ ಮೇಲಿರುವ ಸಾಲ. ವಿಚ್ಛೇದನವಾದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬೇಕು ಎನ್ನುವುದನ್ನು ಮರೆಯಬೇಡಿ.

ಪ್ರಶ್ನೆ (ಇನ್ನೊಬ್ಬರು, ಕಲಬುರಗಿ): ಇದ್ದತ್ (ತಲಾಖ್ ನಂತರ ಹೆಂಡತಿ ಮರುಮದುವೆಯಾಗದೆ ಕಾಯುವ ಅವಧಿ) ಮುಗಿದ ಮೇಲೆ ಗಂಡನ ಹೊಣೆ ಮುಗಿಯಿತು ಎನ್ನುತ್ತಾರಲ್ಲ?

ಉತ್ತರ: ಬಹಳ ಹೆಂಗಸರನ್ನು ಬರಿಗೈಯಲ್ಲಿ ಕಳುಹಿಸಿದ ಮಾತು ಅದು. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆಯನ್ನು ಹಾಗೆಯೇ ಓದಲಾಗುತ್ತಿತ್ತು. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದರ ಅರ್ಥವನ್ನು ಬಿಡಿಸಿ ಹೇಳಿತು. ಗಂಡ ಇದ್ದತ್ ಅವಧಿಯ ಒಳಗೇ ಏರ್ಪಾಡು ಮಾಡಬೇಕು, ಆದರೆ ಆ ಏರ್ಪಾಡು ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು. 2024ರ ಜುಲೈ 10ರ ತೀರ್ಪಿನ ನಂತರ ಯಾವ ಅನುಮಾನವೂ ಉಳಿದಿಲ್ಲ. ಜೀವನಾಂಶ ಕೊಡಿಸುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್, ಅಂದರೆ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್, ಮುಸ್ಲಿಂ ಮಹಿಳೆಯರಿಗೂ ಅನ್ವಯಿಸುತ್ತದೆ.

ನಮ್ಮ ಹೈಕೋರ್ಟ್ 2021ರಲ್ಲಿ ತೀರ್ಮಾನಿಸಿದ ಬೆಂಗಳೂರಿನ ಒಂದು ಪ್ರಕರಣವನ್ನು ನನ್ನ ಕಕ್ಷಿದಾರರಿಗೆಲ್ಲ ಹೇಳುತ್ತೇನೆ. ಐದು ಸಾವಿರ ರೂಪಾಯಿ ಮೆಹರ್, 1991ರಲ್ಲಿ ತಲಾಖ್. ಆಕೆ ಜೀವನಾಂಶ ಕೇಳಿದ್ದು 2002ರಲ್ಲಿ. ತಿಂಗಳಿಗೆ 3,000 ರೂಪಾಯಿಯ ಆದೇಶ ಬಂದದ್ದು 2011ರಲ್ಲಿ. ಅದರ ನಂತರವೂ ಗಂಡ ಎಳೆದಾಡಿದ. ಮುಸ್ಲಿಂ ವಿವಾಹ ಒಪ್ಪಂದವೇ ಇರಬಹುದು, ಆದರೆ ಮೆಹರ್ ಎಸೆದು ಹೊಣೆ ಕಳಚಿಕೊಳ್ಳಲಾಗದು ಎಂದ ನ್ಯಾಯಾಲಯ ಆತನ ಅರ್ಜಿಯನ್ನು 25,000 ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಗೆದ್ದದ್ದು ನಿಜ. ಆದರೆ ಅಷ್ಟು ವರ್ಷ ಆಕೆ ಊಟಕ್ಕೆ ಏನು ಮಾಡಿರಬೇಕು? ಅರ್ಜಿ ಹಾಕಿದ ದಿನವೇ ಮಧ್ಯಂತರ ಜೀವನಾಂಶವನ್ನೂ ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆ (ದಾವಣಗೆರೆಯವರೇ): ಅಬ್ಬಾ ಕೇಳುತ್ತಿದ್ದಾರೆ, ಜಮಾತಿನಲ್ಲೇ ಮುಗಿಸಿದರೆ ತಪ್ಪೇನು? ಮದುವೆಯಲ್ಲಿ ಕೊಟ್ಟ ಒಡವೆಯೂ ಅವರ ಬಳಿಯೇ ಇದೆ.

ಉತ್ತರ: ಜಮಾತಿನ ಹಿರಿಯರು ರಾಜಿ ಮಾಡಿಸುವುದು ತಪ್ಪಲ್ಲ. ತಲಾಖ್‌ಗೆ ಮುನ್ನ ಎರಡೂ ಕಡೆಯವರು ಕೂತು ಸಂಧಾನಕ್ಕೆ ಯತ್ನಿಸಿರಲೇಬೇಕು ಎಂದು ಸುಪ್ರೀಂ ಕೋರ್ಟ್ 2002ರ ಶಮೀಂ ಆರಾ ತೀರ್ಪಿನಲ್ಲಿ ಹೇಳಿದೆ. ನಿಮ್ಮ ಭಾವ ಆ ಯತ್ನವನ್ನಾದರೂ ಮಾಡಿದರೇ ಎಂದು ಅಬ್ಬಾ ಹಿರಿಯರನ್ನು ಕೇಳಲಿ. ಆದರೆ ಜಮಾತಿನ ಪತ್ರ ನ್ಯಾಯಾಲಯದ ಆದೇಶವಾಗುವುದಿಲ್ಲ. ನಾಳೆ ಹಣ ಬಾರದಿದ್ದರೆ ಅದನ್ನು ಹಿಡಿದು ವಸೂಲಿಗೆ ಹೋಗಲಾಗದು. ರಾಜಿ ಆಗುವುದಿದ್ದರೆ ಮೊತ್ತ, ಮಕ್ಕಳು, ಒಡವೆ ಎಲ್ಲವನ್ನೂ ನಮೂದಿಸಿ ನ್ಯಾಯಾಲಯದ ಮುಂದೆ ದಾಖಲಿಸಿ. ತಲಾಖ್ ದೂರು ಕೊಟ್ಟಿದ್ದರೂ ಅಕ್ಕ ಬಯಸಿದರೆ ಮ್ಯಾಜಿಸ್ಟ್ರೇಟರ ಅನುಮತಿಯಿಂದ ರಾಜಿಯಾಗಬಹುದು.

ಒಡವೆ ಅಕ್ಕನದು. ಮದುವೆಗೆ ಮುನ್ನ, ಮದುವೆಯಲ್ಲಿ, ನಂತರ ಯಾರೇ ಕೊಟ್ಟಿದ್ದರೂ ವಿಚ್ಛೇದನವಾದಾಗ ಹಿಂದಿರುಗಿಸಬೇಕೆಂದು 1986ರ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ನಿಕಾಹ್‌ನಾಮಾ, ಒಡವೆಯ ರಸೀದಿ, ಮದುವೆಯ ಫೋಟೊ ಎಲ್ಲವನ್ನೂ ಒಂದೆಡೆ ಸೇರಿಸಿ.

ವಕೀಲರ ಶುಲ್ಕದ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು. ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಅಬ್ಬಾ ಅವರನ್ನೂ ಕರೆದುಕೊಂಡು ಹೋಗಿ.